ಇ ಒಳಗೆ ನನ್ನದಲ್ಲದ್ದು ಇದೆ

ಈ ವಾರ ಪೂರ್ತಿ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. ಭಾನುವಾರ ಬೆಳಿಗ್ಗೆ ಅತ್ತೆ ಫೋನ್ ಮಾಡಿ ಕೇಳಿದ ಮಾತು.

"ಇ ಒಳಗೆ ನನ್ನದಲ್ಲದ್ದು ಏನೇನೋ ಇದೆ ಕಣೋ. ಬ್ಯಾಕಪ್ ಒತ್ತಿಬಿಡಲಾ, ಬೇಡ್ವಾ?"

"ಒತ್ತಬೇಡಿ ಅತ್ತೆ. ಮೌಸ್ ಬಿಟ್ಟುಬಿಡಿ" ಅಂದೆ.

ಆಗ ನನಗೆ ವಿಷಯ ಪೂರ್ತಿ ಗೊತ್ತಿರಲಿಲ್ಲ. ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರ್, ಹಳೆಯ ಬ್ಯಾಕಪ್ ಐಕಾನ್, ಇ ಡ್ರೈವ್‌ನಲ್ಲಿ ಗುರುತಿಲ್ಲದ ಫೋಲ್ಡರ್‌ಗಳು. ಈ ಮೂರೂ ಒಟ್ಟಿಗೆ ಕಿವಿಗೆ ಬಿದ್ದಾಗ ಎದೆ ಧಸಕ್ಕೆಂದಿತು. ಕಾರಣ ಆಮೇಲೆ ಒಂದೊಂದಾಗಿ ಬಿಚ್ಚಿಕೊಂಡಿತು.

ಅತ್ತೆಯ ಕಂಪ್ಯೂಟರ್ ತುಂಬಾ ನಿಧಾನವಾಗಿತ್ತು. ರಿಪೇರಿ ಹುಡುಗ ಬಂದು ಎಸ್‌ಎಸ್‌ಡಿ, ಅಂದ್ರೆ ವೇಗವಾಗಿ ಓಡುವ ಹೊಸ ಥರದ ಡಿಸ್ಕ್, ಹಾಕಿದ. ಅದರ ಮೇಲೆ ಹೊಸದಾಗಿ ವಿಂಡೋಸ್ ಇನ್‌ಸ್ಟಾಲ್ ಮಾಡಿದ. ಹಳೆಯ ಹಾರ್ಡ್ ಡಿಸ್ಕನ್ನು ಮುಟ್ಟದೆ ಒಳಗೇ ಬಿಟ್ಟ. ಡೆಸ್ಕ್‌ಟಾಪ್ ಮೇಲಿದ್ದ ಐಕಾನ್‌ಗಳನ್ನೂ ತಂದು ಮೊದಲಿನ ಜಾಗದಲ್ಲೇ ಜೋಡಿಸಿಕೊಟ್ಟ. ಹೊರಡುವಾಗ "ಎಲ್ಲಾ ಇದ್ದ ಹಾಗೇ ಇದೆ ಅಮ್ಮಾ" ಅಂತ ಹೇಳಿ ಹೋದ.

ಇದ್ದ ಹಾಗೇ ಇರಲಿಲ್ಲ. ಫೈಲ್‌ಗಳೆಲ್ಲ ಇದ್ದವು, ಒಂದೂ ಹೋಗಿರಲಿಲ್ಲ. ಆದರೆ ಡ್ರೈವ್‌ಗಳ ಅಕ್ಷರಗಳು, ಅಂದ್ರೆ ಫೈಲ್ ಇಡುವ ಒಂದೊಂದು ಜಾಗಕ್ಕೂ ವಿಂಡೋಸ್ ಕೊಡುವ ಸಿ, ಡಿ, ಇ ಅನ್ನುವ ಗುರುತುಗಳೆಲ್ಲ, ಪಲ್ಲಟವಾಗಿದ್ದವು.

ಅತ್ತೆ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಕಂಪ್ಯೂಟರ್‌ಗೆ ಸಂಬಂಧಪಟ್ಟಿದ್ದೆಲ್ಲ ಅದರಲ್ಲಿದೆ. ಸಿ ಅಂದ್ರೆ ವಿಂಡೋಸ್, ಕೈ ಹಾಕಬಾರದು. ಡಿ ಅಂದ್ರೆ ಲೆಕ್ಕಪತ್ರ. ಇ ಅಂದ್ರೆ ಫೋಟೋ. ಎಫ್ ಅಂದ್ರೆ ಡಿವಿಡಿ. ಜಿ ಅಂದ್ರೆ ಹೊರಗಿನಿಂದ ಚುಚ್ಚುವ ಬ್ಯಾಕಪ್ ಡಿಸ್ಕ್. ಪ್ರತಿಯೊಂದರ ಮುಂದೆ ಅದು ಎಷ್ಟು ಜಿಬಿ ಅಂತಲೂ ಬರೆದಿದ್ದಾರೆ. ಸಾಲು ಸಾಲಾಗಿ, ಗೆರೆ ಹೊಡೆದು. ನಮ್ಮ ಮನೆಯಲ್ಲಿ ಕೆಲವರಿಗೆ ಈ ನೋಟ್‌ಬುಕ್ ಅಂದ್ರೆ ನಗು. ಈ ವಾರದ ನಂತರ ನನ್ನ ಮುಂದೆ ಯಾರೂ ಅದನ್ನು ನೋಡಿ ನಗುವ ಹಾಗಿಲ್ಲ.

ಇ ಡ್ರೈವ್‌ನಲ್ಲಿ ಇರೋದು ಬರೀ ಫೋಟೋ ಅಲ್ಲ. ಅತ್ತೆ ವರ್ಷಗಳಿಂದ ಮನೆಯ ಹಳೆಯ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ, ಪ್ರತಿ ಫೈಲ್‌ಗೂ ಹೆಸರು ಕೊಡುತ್ತಾ ಬಂದಿದ್ದಾರೆ. "ಎಡದಿಂದ ಮೂರನೆಯವರು ಅಜ್ಜಿಯ ತಂಗಿ, ಮಗು ಯಾರದ್ದೋ ಕೇಳಬೇಕು" ಅಂತ ಫೈಲ್ ಹೆಸರೇ ಒಂದು ಸಾಲು ಇರುತ್ತದೆ. ಕೇಳಿ ತಿಳಿದ ಮೇಲೆ ಆ ಸಾಲನ್ನು ತಿದ್ದುತ್ತಾರೆ. ಆ ಮುಖಗಳ ಹೆಸರು ಗೊತ್ತಿರುವವರು ಈಗ ಉಳಿದಿರುವುದೇ ಕೆಲವರು. ಅತ್ತೆ ಅವರಲ್ಲಿ ಒಬ್ಬರು.

ಈಗ ಬ್ಯಾಕಪ್ ಐಕಾನ್ ವಿಷಯ. ಅದನ್ನು ಮಾಡಿಕೊಟ್ಟವನು ಅತ್ತೆಯ ಮಗ. ಒಂದು ಚಿಕ್ಕ ಬ್ಯಾಚ್ ಫೈಲ್, ಅಂದ್ರೆ ಒತ್ತಿದ ಕೂಡಲೇ ಕಂಪ್ಯೂಟರ್ ಮಾಡಬೇಕಾದ್ದನ್ನು ಬರೆದಿಟ್ಟ ಫೈಲ್. ವಿಂಡೋಸ್ ಜೊತೆಗೇ ಬರುವ, ಫೈಲ್ ನಕಲು ಮಾಡುವ ರೋಬೋಕಾಪಿ ಅನ್ನುವ ಪ್ರೋಗ್ರಾಮ್‌ಗೆ "ಇ ನಲ್ಲಿ ಇರೋದನ್ನ ಜಿ ಗೆ ಮಿರರ್ ಮಾಡು" ಅಂತ ಹೇಳುವ ಒಂದೇ ಸಾಲು. ಮಿರರ್ ಅಂದ್ರೆ ಬರೀ ನಕಲು ಅಲ್ಲ. ಮೂಲದಲ್ಲಿ ಇಲ್ಲದ್ದು ಇನ್ನೊಂದು ಕಡೆ ಏನಿದ್ದರೂ ಅದನ್ನು ಅಳಿಸಿಹಾಕುತ್ತದೆ. ಎರಡೂ ಕಡೆ ಒಂದೇ ಥರ ಆಗಬೇಕಲ್ವಾ, ಅದಕ್ಕೆ. ಹೀಗೆ ಅಳಿಸಿದ್ದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಆ ಬ್ಯಾಚ್ ಫೈಲ್ ಏನೂ ಕೇಳುವುದಿಲ್ಲ. ಇದು ಫೋಟೋ ಡ್ರೈವೇ ಹೌದಾ ಅಂತ ನೋಡುವುದಿಲ್ಲ. ಇ ಅಂದರೆ ಇ, ಜಿ ಅಂದರೆ ಜಿ.

ಆ ದಿನ ಇ ಏನಾಗಿತ್ತು, ಜಿ ಏನಾಗಿತ್ತು? ಹಳೆಯ ಹಾರ್ಡ್ ಡಿಸ್ಕ್‌ನ ಮೊದಲಲ್ಲಿ, ವಿಂಡೋಸ್ ತನಗಾಗಿ ಮಾಡಿಕೊಂಡಿದ್ದ ಕೆಲವು ನೂರು ಎಂಬಿಯ ಸಣ್ಣ ಪಾರ್ಟಿಷನ್, ಅಂದ್ರೆ ಡಿಸ್ಕ್‌ನ ಬೇರೆ ಮಾಡಿದ ಒಂದು ಭಾಗ, ಇತ್ತು. ಸಿಸ್ಟಮ್ ರಿಸರ್ವ್ಡ್ ಅಂತ ಅದರ ಹೆಸರು. ಮೊದಲು ಅದಕ್ಕೆ ಅಕ್ಷರವೇ ಇರಲಿಲ್ಲ, ಕಣ್ಣಿಗೂ ಬೀಳುತ್ತಿರಲಿಲ್ಲ. ಹೊಸ ವಿಂಡೋಸ್ ಅದಕ್ಕೆ ಡಿ ಕೊಟ್ಟಿತು. ಹಳೆಯ ಸಿ ಈಗ ಇ ಆಯಿತು. ಲೆಕ್ಕಪತ್ರದ ಡಿ ಈಗ ಎಫ್. ಫೋಟೋಗಳ ಇ ಈಗ ಜಿ. ಡಿವಿಡಿ ಎಚ್‌ಗೆ ಹೋಯಿತು, ಬ್ಯಾಕಪ್ ಡಿಸ್ಕ್ ಐ ಆಯಿತು.

ಅಂದರೆ ಅತ್ತೆ ಐಕಾನ್ ಒತ್ತಿದ್ದರೆ ಹಳೆಯ ವಿಂಡೋಸ್‌ನ ಕಸವೆಲ್ಲ ಫೋಟೋ ಡ್ರೈವ್ ಮೇಲೆ ಬಂದು ಬೀಳುತ್ತಿತ್ತು. ಫೋಟೋಗಳು "ಮೂಲದಲ್ಲಿ ಇಲ್ಲದ್ದು" ಅಂತ ಅಳಿಸಿಹೋಗುತ್ತಿದ್ದವು. ಬ್ಯಾಕಪ್ ಅನ್ನುವ ಹೆಸರಿನ ಗುಂಡಿಯೇ ಈ ಕೆಲಸ ಮಾಡುತ್ತಿತ್ತು.

ಹೊರಗಿನ ಡಿಸ್ಕ್‌ನಲ್ಲಿ ಪ್ರತಿ ಇತ್ತು ನಿಜ. ಆದರೆ ಕಂಪ್ಯೂಟರ್ ನಿಧಾನವಾದಾಗಿನಿಂದ ಬ್ಯಾಕಪ್ ಮುಗಿಯುತ್ತಲೇ ಇರಲಿಲ್ಲ. ಹಾಗಾಗಿ ಅತ್ತೆ ಸ್ವಲ್ಪ ಕಾಲ ಅದನ್ನು ನಿಲ್ಲಿಸಿದ್ದರು. ಆಮೇಲೆ ಮಾಡಿದ ಕೆಲಸ ಹಳೆಯ ಡಿಸ್ಕ್‌ನಲ್ಲಿ ಮಾತ್ರ ಇತ್ತು. ಇನ್ನೂ ಭಯದ ಸಂಗತಿ ಬೇರೆ ಇದೆ. ಫೋಟೋ ಹೋಗಿದ್ದು ಗೊತ್ತಾಗದೆ, ಯಾರಾದರೂ ಬಂದು ಅಕ್ಷರಗಳನ್ನು ಮಾತ್ರ ಸರಿಮಾಡಿ ಅದೇ ಐಕಾನ್ ಇನ್ನೊಮ್ಮೆ ಒತ್ತಿದ್ದರೆ? ಫೋಟೋ ಇಲ್ಲದ ಡ್ರೈವ್‌ನ ಮಿರರ್ ಆಗಿ ಹೊರಗಿನ ಪ್ರತಿಯೂ ಅಳಿಸಿಹೋಗುತ್ತಿತ್ತು.

"ಇ ಒಳಗೆ ನನ್ನದಲ್ಲದ್ದು ಏನೇನೋ ಇದೆ ಕಣೋ. ಒತ್ತಿಬಿಡಲಾ, ಬೇಡ್ವಾ?"

ಒತ್ತುವ ಮೊದಲು ಇ ತೆರೆದು ನೋಡಿದ್ದರಲ್ಲ, ಅದನ್ನೇ ನಾನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತಿದ್ದೇನೆ. ಯಾರು ಹಾಗೆ ನೋಡುತ್ತಾರೆ? "ಎಲ್ಲಾ ಇದ್ದ ಹಾಗೇ ಇದೆ" ಅಂತ ತಿಳಿದವನೊಬ್ಬ ಹೇಳಿ ಹೋಗಿದ್ದ. ಆದರೂ ನೋಡಿದರು. ನೋಡಿದ್ದು ಸರಿಯಿಲ್ಲ ಅನ್ನಿಸಿದಾಗ ನಿಂತರು. ನಿಂತು ಕೇಳಿದರು. ಮಾತು ಮಾತಿಗೂ "ನನಗೆ ಕಂಪ್ಯೂಟರ್ ಬರಲ್ಲಪ್ಪ" ಅನ್ನುತ್ತಾರೆ ಅತ್ತೆ. ಇದಕ್ಕಿಂತ ಚೆನ್ನಾಗಿ ಕಂಪ್ಯೂಟರ್ ಬರೋದು ಅಂದ್ರೆ ಇನ್ನು ಹೇಗೆ ಅಂತ ನನಗೆ ಗೊತ್ತಿಲ್ಲ.

ಸರಿಮಾಡುವ ಕೆಲಸ ಫೋನಿನಲ್ಲೇ ನಡೆಯಿತು. ಮೊದಲು ಹೊರಗಿನ ಡಿಸ್ಕ್ ತೆಗೆಸಿದೆ. ಬ್ಯಾಚ್ ಫೈಲನ್ನು ಡೆಸ್ಕ್‌ಟಾಪ್‌ನಿಂದ ಬೇರೆ ಕಡೆಗೆ ಸರಿಸಿ, ಹೆಸರು ಬದಲಾಯಿಸಿ ಅಂದೆ. ಆಮೇಲೆ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿಸಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆಸಿದೆ. ಅಲ್ಲಿ ಕೆಳಗಡೆ ಡಿಸ್ಕ್ 0, ಡಿಸ್ಕ್ 1 ಅಂತ ಪಟ್ಟಿಗಳ ಹಾಗೆ ಕಾಣುತ್ತವೆ. ಯಾವ ಪಾರ್ಟಿಷನ್ ಯಾವ ಡಿಸ್ಕ್‌ನದ್ದು ಅಂತ ಅಲ್ಲಿ ನೋಡಿದರೆ ಗೊಂದಲವೇ ಇರೋದಿಲ್ಲ. ಅತ್ತೆ ಒಂದೊಂದರ ಅಳತೆ ಓದಿದರು, ನೋಟ್‌ಬುಕ್ ಜೊತೆ ಹೋಲಿಸಿದರು. "ಇದು ಲೆಕ್ಕದ್ದು. ಇದು ಫೋಟೋದ್ದು. ಈ ಸಣ್ಣದು ನನ್ನ ಪುಸ್ತಕದಲ್ಲೇ ಇಲ್ಲ." ಆ ಸಣ್ಣದೇ ಸಿಸ್ಟಮ್ ರಿಸರ್ವ್ಡ್. ಅಳತೆಯಲ್ಲಿ ಗುರುತಿಸಿದ ಮೇಲೂ ಸುಮ್ನೆ ಮುಂದೆ ಹೋಗಲಿಲ್ಲ. ಒಂದೊಂದನ್ನೂ ತೆರೆದು ಒಳಗಿರುವುದನ್ನು ಕಣ್ಣಾರೆ ನೋಡಿದರು. ಇದನ್ನೂ ನಾನು ಹೇಳಿಕೊಡಲಿಲ್ಲ.

ಅಕ್ಷರ ಬದಲಾಯಿಸುವಾಗ ಯಾವುದು ಮೊದಲು ಅನ್ನೋದು ಮುಖ್ಯ. ಒಬ್ಬರು ಕೂತಿರುವ ಕುರ್ಚಿಯಲ್ಲಿ ಇನ್ನೊಬ್ಬರನ್ನು ಕೂರಿಸಲು ಆಗಲ್ಲ. ಹಾಗಾಗಿ ಮೊದಲು ಆ ಸಣ್ಣ ಪಾರ್ಟಿಷನ್‌ನಿಂದ ಡಿ ತೆಗೆಸಿದೆ, ಹಳೆಯ ವಿಂಡೋಸ್‌ನಿಂದ ಇ ತೆಗೆಸಿದೆ. ತೆಗೆದದ್ದು ಅಕ್ಷರ ಮಾತ್ರ. ಒಳಗಿನ ಫೈಲ್‌ಗೆ ಏನೂ ಆಗುವುದಿಲ್ಲ. ಆಮೇಲೆ ಎಫ್ ಅನ್ನು ಡಿ ಮಾಡಿದರು, ಜಿ ಅನ್ನು ಇ ಮಾಡಿದರು, ಡಿವಿಡಿಯನ್ನು ಎಫ್‌ಗೆ ತಂದರು. ಫಾರ್ಮ್ಯಾಟ್ ಅನ್ನುವ ಆಯ್ಕೆಯೂ ಅದೇ ಮೆನುವಿನಲ್ಲಿ ಕೆಳಗೇ ಇರುತ್ತದೆ. ಪ್ರತಿ ಸಲವೂ ಒತ್ತುವ ಮೊದಲು ಏನು ಒತ್ತುತ್ತಿದ್ದೇನೆ ಅಂತ ಅತ್ತೆ ಜೋರಾಗಿ ಓದಿ ಹೇಳುತ್ತಿದ್ದರು.

ಒಂದು ಕಡೆ ಎಚ್ಚರಿಕೆಯ ಡಬ್ಬಿ ಬಂತು. ಡ್ರೈವ್ ಅಕ್ಷರಗಳನ್ನು ನಂಬಿಕೊಂಡಿರುವ ಕೆಲವು ಪ್ರೋಗ್ರಾಮ್‌ಗಳು ಸರಿಯಾಗಿ ನಡೆಯದೇ ಹೋಗಬಹುದು, ಮುಂದುವರಿಯಲಾ ಅಂತ ಕೇಳುತ್ತದೆ ಅದು. ಅತ್ತೆ ಓದಿ, ಸ್ವಲ್ಪ ಸುಮ್ಮನಿದ್ದು, "ಪ್ರೋಗ್ರಾಮ್ ಮಾತ್ರನಾ? ನಾನೂ ನಂಬಿಕೊಂಡಿದ್ದೆನಲ್ಲೋ" ಅಂದರು.

ಆ ನಂಬಿಕೆ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಕಂಪ್ಯೂಟರ್ ನಮಗೆ ತೋರಿಸುವುದೇ ಆ ಅಕ್ಷರವನ್ನು. ಆದರೆ ಅದು ಇರೋದು ಡಿಸ್ಕ್‌ನಲ್ಲಿ ಅಲ್ಲ, ಆ ವಿಂಡೋಸ್‌ನ ನೆನಪಿನಲ್ಲಿ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿಯಲ್ಲಿ ಮೌಂಟೆಡ್ ಡಿವೈಸಸ್ ಅಂತ ಒಂದು ಜಾಗ ಇದೆ. ಡಿಸ್ಕ್‌ನ ಸಹಿ, ಪಾರ್ಟಿಷನ್ ಎಲ್ಲಿಂದ ಶುರುವಾಗುತ್ತದೆ ಅನ್ನುವ ಲೆಕ್ಕ, ಅಥವಾ ಜಿಪಿಟಿ ಅನ್ನುವ ಈಗಿನ ಪದ್ಧತಿಯ ಡಿಸ್ಕ್ ಆದರೆ ಪಾರ್ಟಿಷನ್‌ಗೆ ಇರುವ ಒಂದು ಉದ್ದನೆಯ ಗುರುತು ಸಂಖ್ಯೆ, ಇವುಗಳ ಜೊತೆ ಅಕ್ಷರ ಅಲ್ಲಿ ದಾಖಲಾಗಿರುತ್ತದೆ. ಅಂದರೆ ಯಾವ ಡಿಸ್ಕ್ ಯಾವುದು ಅಂತ ಯಂತ್ರಕ್ಕೆ ಚೆನ್ನಾಗಿ ಗೊತ್ತು. ಹೊಸ ವಿಂಡೋಸ್ ಹಾಕಿದಾಗ ಈ ದಾಖಲೆ ಖಾಲಿಯಿಂದ ಶುರುವಾಗುತ್ತದೆ. ಆಗ ಖಾಲಿ ಇರುವ ಅಕ್ಷರಗಳನ್ನು ಒಂದಾದ ಮೇಲೆ ಒಂದರಂತೆ ಹಂಚುತ್ತಾ ಹೋಗುತ್ತದೆ.

ಸಿ ಯಿಂದ ಯಾಕೆ ಶುರು ಅಂತ ಅತ್ತೆ ಕೇಳಿದರು. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರಲ್ಲಿ ಇದ್ದದ್ದು ಫ್ಲಾಪಿಗಳು. ಎ ಮತ್ತು ಬಿ ಅವಕ್ಕೆ ಹೋದವು. 1983ರ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿ ಹಾರ್ಡ್ ಡಿಸ್ಕ್ ಬಂತು, ಅದು ಸಿ ಆಯಿತು. ಫ್ಲಾಪಿ ಹೋಗಿ ಎಷ್ಟೋ ಕಾಲವಾಯಿತು. ಆ ಪಟ್ಟಿ ಹಾಗೇ ಉಳಿದಿದೆ. ಮ್ಯಾಕ್‌ನಲ್ಲಿ ಡಿಸ್ಕ್ ತನ್ನ ಹೆಸರಿನಿಂದಲೇ ಕಾಣುತ್ತದೆ. ಲಿನಕ್ಸ್‌ನಲ್ಲಿ ಯುಯುಐಡಿ ಎಂಬ ಗುರುತಿನಿಂದ ಡಿಸ್ಕನ್ನು ಒಂದು ಫೋಲ್ಡರ್‌ಗೆ ಜೋಡಿಸಬಹುದು. ವಿಂಡೋಸ್‌ನಲ್ಲೂ ಪ್ರತಿ ಡ್ರೈವ್‌ಗೆ ಹೆಸರು ಕೊಡಬಹುದು, ಆ ಹೆಸರು ಡಿಸ್ಕ್‌ನಲ್ಲೇ ಬರೆದಿರುತ್ತದೆ. ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಜೊತೆಗೇ ಹೋಗುತ್ತದೆ. ಆದರೂ ಎಲ್ಲರ ಮನೆಯಲ್ಲೂ ಅದು "ನ್ಯೂ ವಾಲ್ಯೂಮ್" ಅಂತಲೇ ಇರುತ್ತದೆ. ಅತ್ತೆಯದ್ದೂ ಹಾಗೇ ಇತ್ತು. ಅವತ್ತೇ ಇ ಗೆ "ಫೋಟೋ ಮೂಲ" ಅಂತ ಕನ್ನಡದಲ್ಲೇ ಟೈಪ್ ಮಾಡಿ ಹೆಸರಿಟ್ಟರು. ಹೊರಗಿನದಕ್ಕೆ "ಫೋಟೋ ಪ್ರತಿ". ಅದಕ್ಕೆ ಅಕ್ಷರವೂ ಆರ್ ಅಂತ ದೂರದ್ದು ಕೊಟ್ಟೆವು. ಪೆನ್ ಡ್ರೈವ್, ಕಾರ್ಡ್ ರೀಡರ್ ಚುಚ್ಚಿದಾಗ ವಿಂಡೋಸ್ ಮುಂದಿನ ಖಾಲಿ ಅಕ್ಷರ ಹಿಡಿಯುತ್ತದೆ. ಅಷ್ಟು ದೂರ ಅದು ಬರುವುದು ಕಡಿಮೆ.

ರಿಪೇರಿ ಹುಡುಗನ ಮೇಲೆ ನನಗೆ ಕೋಪ ಇದೆ, ಗೌರವವೂ ಇದೆ. ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಉಳಿಸಿದ. ಎಷ್ಟೋ ಜನ ಕೇಳದೆಯೇ ಅದನ್ನು ಮಾಡಿಬಿಡುತ್ತಾರೆ. ಆದರೆ "ಅಕ್ಷರ ಬದಲಾಗಿದೆ ಅಮ್ಮಾ, ನೋಡ್ಕೊಳ್ಳಿ" ಅಂತ ಒಂದು ಮಾತು ಹೇಳಬಹುದಿತ್ತು. ಇವರಿಗೆ ಹೇಳಿ ಏನು ಪ್ರಯೋಜನ ಅಂದುಕೊಂಡಿರಬೇಕು. ವಯಸ್ಸಾದವರ ಮುಂದೆ ನಾವೆಲ್ಲ ಹೀಗೇ ಮಾಡುತ್ತೇವೆ. ವಿವರ ಹೇಳುವ ಬದಲು ಸಮಾಧಾನ ಹೇಳುತ್ತೇವೆ. ಡಾಕ್ಟರ ಹತ್ತಿರ ಹೋದಾಗ, ಕಾಗದಕ್ಕೆ ಸಹಿ ಹಾಕಿಸುವಾಗ, ಹೊಸ ಫೋನ್ ಕೈಗೆ ಕೊಡುವಾಗ, ಎಲ್ಲಾ ಕಡೆ ಇದೇ. ಏನು ಬದಲಾಗಿದೆ ಅಂತ ತಿಳಿಯುವ ಹಕ್ಕು ಅವರಿಗೂ ಇದೆ. ವಸ್ತು ಅವರದ್ದು. ಅದನ್ನು ದಿನಾ ಬಳಸುವವರೂ ಅವರೇ.

ಅತ್ತೆಯ ಮಗನ ವಿಷಯದಲ್ಲಿ ನನಗೆ ಅಷ್ಟು ತಾಳ್ಮೆ ಇಲ್ಲ. ಅವನು ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಹೇಳಿದಾಗ "ಯಾರಾದರೂ ವಿಂಡೋಸ್ ಹೊಸದಾಗಿ ಹಾಕ್ತಾರೆ ಅಂತ ಅಂದುಕೊಂಡಿರಲಿಲ್ಲ" ಅಂದ. ಹಾಕದೆ ಇರುತ್ತಾರಾ? ಅಳಿಸುವ ಶಕ್ತಿ ಇರುವ ಗುಂಡಿಯನ್ನು ಅಮ್ಮನ ಕೈಗೆ ಕೊಡುವಾಗ, ಅದು ನಿಲ್ಲುವುದನ್ನೂ ಕಲಿತಿರಬೇಕು. ಅಮ್ಮ ನಿಂತರು, ಅವನ ಗುಂಡಿ ನಿಲ್ಲುತ್ತಿರಲಿಲ್ಲ. ಇದನ್ನು ಅವನಿಗೆ ನೇರವಾಗಿಯೇ ಹೇಳಿದೆ. ಬೇಜಾರು ಮಾಡಿಕೊಂಡ. ಆದರೆ ರಾತ್ರಿಯೇ ಹೊಸದು ಬರೆದು ಕಳಿಸಿದ.

ಈಗ ಎರಡೂ ಡ್ರೈವ್‌ಗಳಲ್ಲಿ ಒಂದೊಂದು ಗುರುತಿನ ಫೈಲ್ ಇಟ್ಟಿದೆ. ಮೂಲದಲ್ಲಿ ಒಂದು ಹೆಸರು, ಪ್ರತಿಯಲ್ಲಿ ಇನ್ನೊಂದು. ಎರಡೂ ಇರಬೇಕಾದ ಕಡೆ ಕಂಡರೆ ಮಾತ್ರ ಕೆಲಸ ಶುರು. ಮಿರರ್ ಮಾಡುವುದನ್ನು ತೆಗೆದಿದ್ದಾನೆ. ಹೊಸದು ಸೇರುತ್ತದೆ, ಹಳೆಯದು ಅಳಿಯುವುದಿಲ್ಲ. ಜಾಗ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಅತ್ತೆ ಅದನ್ನೂ ಹಾಗೇ ನಂಬಲಿಲ್ಲ. "ಡಿಸ್ಕ್ ಚುಚ್ಚದೇ ಒತ್ತಿ ನೋಡ್ತೀನಿ, ಏನು ಹೇಳುತ್ತೆ ನೋಡೋಣ" ಅಂದರು. ಪ್ರತಿ ಡಿಸ್ಕ್ ಸಿಗಲಿಲ್ಲ, ಏನೂ ಮಾಡಿಲ್ಲ ಅಂತ ಬಂತು. ಆಮೇಲೆ ಡಿಸ್ಕ್ ಚುಚ್ಚಿ ಒತ್ತಿದರು. ಬಿಟ್ಟುಹೋಗಿದ್ದ ಫೋಟೋಗಳೆಲ್ಲ ಹೆಸರಿನ ಸಮೇತ ನಕಲಾದವು. ಮೂರನೆಯ ಪ್ರತಿಯೊಂದು ಬೇರೆ ಮನೆಯಲ್ಲಿ ಇರಬೇಕು ಅಂತ ನಾನು ಹಟ ಹಿಡಿದಿದ್ದೇನೆ. ಮುಂದಿನ ಸಲ ಹೋದಾಗ ಇನ್ನೊಂದು ಡಿಸ್ಕ್ ತೆಗೆದುಕೊಂಡು ಹೋಗಿ, ತುಂಬಿಸಿ, ನನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಏನು ಹೆಸರಿಡಬೇಕು ಅಂತ ಅತ್ತೆ ಆಗಲೇ ಕೇಳಿದ್ದಾರೆ.