"ಈ ಹಾಳೆ ಯಾವಾಗ ಹೆಕ್ಕಿದ್ದು?"

ನಾನು ಕೆಲಸ ಮಾಡುವುದು ಒಂದು ಸಣ್ಣ ಆರ್ಟ್ ಗ್ಯಾಲರಿಯಲ್ಲಿ. ಸಾಗರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಊರು. ಮೊದಲು ಅಡಿಕೆ ಮಂಡಿಯಾಗಿದ್ದ ಹಳೇ ಕಟ್ಟಡ, ಮೇಲೆ ಮಂಗಳೂರು ಹೆಂಚು, ಕೆಳಗೆ ರೆಡ್ ಆಕ್ಸೈಡ್ ನೆಲ. ಒಂದು ಟ್ರಸ್ಟ್ ನಡೆಸುತ್ತದೆ. ಟಿಕೆಟ್ ಇಲ್ಲ, ಚಿತ್ರ ಮಾರಿ ಕಮಿಷನ್ ತೆಗೆದುಕೊಳ್ಳುವುದೂ ಇಲ್ಲ. ಸಂಬಳಕ್ಕೆ ಇರುವುದು ನಾನು ಮತ್ತು ಇನ್ನೊಬ್ಬರು. ಪ್ರದರ್ಶನ ಕಟ್ಟುವಾಗ ಮಾತ್ರ ಒಬ್ಬ ಬಡಗಿ ಬರುತ್ತಾರೆ.

ಇಂಥ ಊರಲ್ಲಿ ಈ ಕಾಲದ ಕಲೆ ಯಾರಿಗೆ ಬೇಕು ಅಂತ ಕೇಳುವವರು ಇದ್ದೇ ಇದ್ದಾರೆ. ನಾನು ಅವರಿಗೆ ಸಾಗರದ ಹತ್ತಿರದ ಹಳ್ಳಿ ಹೆಗ್ಗೋಡು ತೋರಿಸುತ್ತೇನೆ. ಅಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ ಶುರುವಾಗಿದ್ದು 1949ರಲ್ಲಿ. ತೋಟದ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು ಬಂದ ಜನ ಶೇಕ್ಸ್‌ಪಿಯರ್ ನಾಟಕ ನೋಡಿ, ನಟರು ಎಲ್ಲಿ ಸೋತರು ಅಂತ ದಾರಿಯುದ್ದಕ್ಕೂ ಮಾತಾಡಿಕೊಂಡು ಮನೆಗೆ ಹೋಗಿದ್ದಾರೆ. ನಾಟಕಕ್ಕೆ ಆಗುವುದು ಚಿತ್ರಕ್ಕೆ ಯಾಕೆ ಆಗಬಾರದು?

ಇಷ್ಟು ನಂಬಿಕೆ ಇಟ್ಟುಕೊಂಡೇ ಕೆಲಸಕ್ಕೆ ಸೇರಿದ್ದೆ. ಆದರೂ ಮೊದಲ ಎರಡು ವರ್ಷ ನಾನು ಮಾಡಿದ್ದು ಪಾಠ ಹೇಳುವ ಕೆಲಸ. ಬಂದವರಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ, ನಾನು ಹೇಳಬೇಕು. ಅದು ತಪ್ಪು ಅಂತ ತಿಳಿದಿದ್ದು ಒಂದು ಮಳೆಗಾಲದಲ್ಲಿ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ಆ ಜೂನ್‌ನಲ್ಲಿ ಬೆಂಗಳೂರಿನ ಒಬ್ಬ ಯುವ ಕಲಾವಿದೆಯ ಕೃತಿ ತಂದಿದ್ದೆವು. ಅಡಿಕೆ ಹಾಳೆಗಳನ್ನು (ಅಡಿಕೆ ಮರದಿಂದ ಉದುರುವ ಸೋಗೆಯ ಬುಡದ ಅಗಲ ಪದರ) ಒಂದಕ್ಕೊಂದು ಹೊಲಿದು, ಮಾಡಿನ ತೊಲೆಯಿಂದ ನೆಲದವರೆಗೆ ಇಳಿಬಿಟ್ಟ ದೊಡ್ಡ ಪರದೆಯಂಥದ್ದು. ಗಾಳಿಗೆ ಸಣ್ಣಗೆ ಸದ್ದು ಮಾಡುತ್ತಿತ್ತು. ನನಗೆ ಈಗಲೂ ಇಷ್ಟವಾದ ಕೃತಿ. ಪಕ್ಕದ ಗೋಡೆಗೆ ಬೇರೊಬ್ಬರ ಎಚಿಂಗ್ ಪ್ರಿಂಟ್‌ಗಳಿದ್ದವು, ಲೋಹದ ತಗಡಿನಿಂದ ಅಚ್ಚು ತೆಗೆದ ಕಾಗದದ ಮೇಲಿನ ಕೆಲಸ, ಫ್ರೇಮ್ ಹಾಕಿದ್ದು. ಪರದೆಯ ಪಕ್ಕದ ಚೀಟಿ ಬರೆದವನು ನಾನೇ. 'ವಸ್ತುವಿನ ಸ್ಮೃತಿ', 'ನಶ್ವರತೆ', 'ದೇಹದ ರೂಪಕ' ಅಂತೆಲ್ಲ ಇತ್ತು ಅದರಲ್ಲಿ.

ಒಂದು ಸಂತೆ ದಿನ ಮಧ್ಯಾಹ್ನ ಜೋರು ಮಳೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸು ನಮ್ಮ ಜಗಲಿಗೆ ಬಂದು ನಿಂತರು. ಅರವತ್ತರ ಹತ್ತಿರ ಇರಬಹುದು. ಕೈಯಲ್ಲಿ ತರಕಾರಿ ಚೀಲ. ಒಳಗೆ ಬನ್ನಿ ಅಂದೆ. ಚಪ್ಪಲಿ ಬಿಟ್ಟು, ಸೆರಗಿನಿಂದ ಕಾಲು ಒರೆಸಿಕೊಂಡು ಬಂದರು. ನಾನು ಆ ಪರದೆಯ ಮುಂದೆ ನಿಂತು ಹತ್ತು ನಿಮಿಷ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಚೀಲ ಕೆಳಗಿಟ್ಟು, ಒಂದು ಹಾಳೆಯ ಅಂಚು ಹಿಡಿದು ನಿಧಾನಕ್ಕೆ ಮಡಚಿ ನೋಡಿದರು. ಉಗುರಿನಿಂದ ಒತ್ತಿದರು. ಮೂಗಿನ ಹತ್ತಿರ ತಂದು ವಾಸನೆ ನೋಡಿದರು.

"ಈ ಹಾಳೆ ಯಾವಾಗ ಹೆಕ್ಕಿದ್ದು?"

ನನಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

"ಮಳೆ ಬಿದ್ದ ಮೇಲೆ ಹೆಕ್ಕಿದ ಹಾಗೆ ಕಾಣ್ತದೆ. ಸಮಾ ಒಣಗ್ಲಿಲ್ಲ. ಬೂಷ್ಟು ಹಿಡೀತದೆ ನೋಡಿ, ಹಿಂದಿನ ಬದಿಗೆ."

ನಾನು ಏನು ಹೇಳಿದೆ ಗೊತ್ತಾ? "ಅಮ್ಮಾ, ದಯವಿಟ್ಟು ಮುಟ್ಟಬೇಡಿ" ಅಂದೆ. ಅವರು ತಕ್ಷಣ ಕೈ ತೆಗೆದು, ಚೀಲ ಎತ್ತಿಕೊಂಡು, ಮಳೆ ನಿಲ್ಲುವ ಮುಂಚೆಯೇ ಹೊರಟುಹೋದರು. ಆ ಮುಖ ನೆನೆದರೆ ನನಗೆ ಇವತ್ತಿಗೂ ಬೇಜಾರಾಗುತ್ತದೆ.

ಎರಡು ವಾರದೊಳಗೆ ಹಾಳೆಗಳ ಹಿಂಬದಿಯಲ್ಲಿ ಬೂದು ಹಸಿರು ಚುಕ್ಕೆ ಕಂಡಿತು. ಮುಂದಿನಿಂದ ನೋಡಿದರೆ ಏನೂ ಇಲ್ಲ. ಹಿಂದೆ ಟಾರ್ಚ್ ಬಿಟ್ಟರೆ ಅಂಗೈಯಗಲದ ಬೂಷ್ಟು. ಪಕ್ಕದ ಗೋಡೆಯ ಎರಡು ಪ್ರಿಂಟ್‌ಗಳಿಗೂ ಕಲೆ ಬಿದ್ದಿತ್ತು, ಫ್ರೇಮ್‌ನ ಗಾಜಿನ ಒಳಗೇ. ಬೂಷ್ಟು ಹಾಳೆಯಿಂದ ಹಾರಿ ಬಂತೋ, ಗೋಡೆಯ ಥಂಡಿಯಿಂದ ಬಂತೋ, ಎರಡೂ ಸೇರಿಯೋ, ಹೇಗೇ ಇರಲಿ, ಕಾಪಾಡಬೇಕಾಗಿದ್ದವನು ನಾನು. ನಮ್ಮಲ್ಲಿ ತೇವಾಂಶ ಅಳೆಯುವ ಮೀಟರ್ ಇದೆ. ಆ ಜುಲೈಯಲ್ಲಿ ಅದು ದಿನಾ ಎಂಬತ್ತೈದರ ಮೇಲೇ ತೋರಿಸುತ್ತಿತ್ತು. ಶೇಕಡಾ 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟಿನ ಭಯ ಅಂತ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ನಾನು ಬೆಳಿಗ್ಗೆ ಸಂಜೆ ಅಂಕಿ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಬರೆದು ಸುಮ್ನೆ ಮುಚ್ಚಿಡುತ್ತಿದ್ದೆ.

ಇಬ್ಬರು ಕಲಾವಿದರಿಗೂ ಅವತ್ತೇ ಫೋನ್ ಮಾಡಿದೆ. ಈ ವಿಷಯದಲ್ಲಿ ಒಂದು ದಿನ ತಡ ಮಾಡಿದರೂ ಅದು ಮುಚ್ಚಿಟ್ಟ ಹಾಗೆ. ಪ್ರದರ್ಶನ ನಿಲ್ಲಿಸಿ, ಪ್ರಿಂಟ್‌ಗಳನ್ನು ಫ್ರೇಮ್‌ನಿಂದ ಬಿಡಿಸಿ, ಒಣ ಕೋಣೆಯಲ್ಲಿ ಬೇರೆಯಾಗಿ ಇಟ್ಟು, ಸರಿಪಡಿಸಲು ಬೆಂಗಳೂರಿಗೆ ಕಳಿಸಿದೆವು. ಖರ್ಚು ಟ್ರಸ್ಟ್‌ನದು. ಆ ವರ್ಷ ಮಕ್ಕಳ ಮುಂದಿನ ಬೇಸಿಗೆ ಶಿಬಿರಕ್ಕೆ ಅಂತ ಎತ್ತಿಟ್ಟಿದ್ದ ದುಡ್ಡು ಅದಕ್ಕೇ ಹೋಯಿತು.

ದುಡ್ಡಿನ ಮಾತು ಬಂದಾಗ ಕಂಪನಿಗಳ ಸಿಎಸ್‌ಆರ್, ಅಂದರೆ ಸಮಾಜದ ಕೆಲಸಕ್ಕೆ ಕಂಪನಿಗಳು ಕೊಡಬೇಕಾದ ದುಡ್ಡು, ಕೇಳಿ ಅಂತ ಜಾಸ್ತಿ ಜನ ಸಲಹೆ ಕೊಡುತ್ತಾರೆ. 2013ರ ಕಂಪನಿ ಕಾಯ್ದೆಯಲ್ಲಿ ಕಲೆ, ಸಂಸ್ಕೃತಿಗೂ ಜಾಗ ಇದೆ, ನಿಜ. ಆದರೆ ಲಾಭದ 2% ಕೊಡಬೇಕಾದವರು ಯಾರು? ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಇಲ್ಲ 1,000 ಕೋಟಿ ವಹಿವಾಟು, ಇಲ್ಲ 500 ಕೋಟಿ ನಿವ್ವಳ ಮೌಲ್ಯ ಇರುವ ಕಂಪನಿಗಳು. ನಮ್ಮೂರಲ್ಲಿ ಅಂಥದ್ದು ಒಂದೂ ಇಲ್ಲ. ನಮ್ಮನ್ನು ನಡೆಸುವುದು ಊರಿನ ಡಾಕ್ಟರು, ಅಂಗಡಿಯವರು, ತೋಟದವರು, ಹೊರಗೆ ದುಡಿಯುವ ಇಲ್ಲಿನ ಮಕ್ಕಳು. ಹಾಗಾಗಿ ಹಾಳಾಗಿದ್ದು ಅವರ ದುಡ್ಡು.

ಆ ಅಮ್ಮನನ್ನು ಹುಡುಕಲು ಮೂರು ಸಂತೆ ಬೇಕಾಯಿತು. ಬಸ್ ಸ್ಟ್ಯಾಂಡ್‌ನಲ್ಲಿ ಸಿಕ್ಕಾಗ ನಡೆದದ್ದು ಹೇಳಿ ಕ್ಷಮೆ ಕೇಳಿದೆ. "ನೀವು ಓದಿದವರು, ಏನೋ ಮದ್ದು ಹಚ್ಚಿರ್ತೀರಿ ಅಂದ್ಕೊಂಡೆ" ಅಂದರು. ಆಮೇಲೆ ಗ್ಯಾಲರಿಗೆ ಬಂದು, ಒಂದು ಬಸ್ ಬಿಟ್ಟು, ಒಂದು ಗಂಟೆ ಕೂತು ಮಾತಾಡಿದರು. ಹಾಳೆ ಹೆಕ್ಕಬೇಕಾದದ್ದು ಬೇಸಿಗೆಯಲ್ಲಿ, ಮೇ ಮುಗಿಯುವುದರೊಳಗೆ. ಬಿದ್ದ ಹಾಳೆ ನೆಲದಲ್ಲೇ ಇದ್ದು ಒಂದು ಮಳೆ ಕುಡಿದರೂ ಮುಗಿಯಿತು, ಮತ್ತೆ ಎಷ್ಟು ಒಣಗಿಸಿದರೂ ಒಳಗೆ ಥಂಡಿ ಇರುತ್ತದೆ. ಟೊಪ್ಪಿಗೆ ಬೇಕಾದ ಹಾಳೆ ಬೇರೆ, ತಟ್ಟೆಗೆ ಬೇಕಾದದ್ದು ಬೇರೆ. ಒಣಗಿಸಿ ಕಟ್ಟಿ ಇಡುವುದು ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುವ ಕಡೆ. ಈಗ ಮನೆಗಳಲ್ಲಿ ಗ್ಯಾಸ್ ಬಂದು ಹೊಗೆ ಇಲ್ಲ, ಹಾಗಾಗಿ ಬುಟ್ಟಿಗಳೂ ಮೊದಲಿನಷ್ಟು ಬಾಳುವುದಿಲ್ಲ ಅಂತಲೂ ಹೇಳಿದರು.

ಅವರು ಪ್ರತಿ ವರ್ಷ ಭೂಮಿ ಪೂಜೆಯ ಹಬ್ಬ ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ (ಗದ್ದೆಗೆ ಎಡೆ ಒಯ್ಯುವ ಬುಟ್ಟಿ) ಮೇಲೆ ಚಿತ್ತಾರ ಬರೆಯುವವರು. ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆ ಎಳೆಯುವ ಕೈ ಅದು. ನಾನು ಆ ಕೈಗೆ ಮುಟ್ಟಬೇಡಿ ಅಂದಿದ್ದೆ.

ಅಲ್ಲಿಂದ ಮುಂದೆ ನಮ್ಮ ಕೆಲಸದ ಕ್ರಮ ಬದಲಾಯಿತು. ಯಾವುದೇ ಕೃತಿ ಕಟ್ಟುವ ಹದಿನೈದು ದಿನ ಮೊದಲು ಕಲಾವಿದರಿಂದ ಅದರ ವಸ್ತುವಿನ ಒಂದು ತುಂಡು ತರಿಸಿಕೊಳ್ಳುತ್ತೇವೆ. ಬಟ್ಟೆ, ಮಣ್ಣು, ಮರ, ತಗಡು, ಏನಾದರೂ ಸರಿ. ಬಾಗಿಲ ಹತ್ತಿರದ ಮೇಜಿನ ಮೇಲೆ ಇಡುತ್ತೇವೆ. ಮುಟ್ಟಬಹುದು, ಮಡಚಬಹುದು, ಮೂಸಬಹುದು. ಪಕ್ಕದಲ್ಲಿ ಒಂದು ಪುಸ್ತಕ. ಬರೆಯಲು ಬಾರದವರು ಹೇಳಿದ್ದನ್ನು ನಾವೇ ಬರೆಯುತ್ತೇವೆ. ಆ ವಸ್ತುವಿನಲ್ಲೇ ಬದುಕುವವರನ್ನು ಹೋಗಿ ಕರೆಯುತ್ತೇವೆ. ವೆಲ್ಡಿಂಗ್ ಶಾಪ್‌ನವರು ಒಮ್ಮೆ ಬಂದು, ಒಂದು ಕಬ್ಬಿಣದ ಕೃತಿಯ ಬೆಸುಗೆ ನೋಡಿ, ಈ ಜಾಗದಲ್ಲಿ ಭಾರ ತಡೆಯಲ್ಲ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಕಲಾವಿದ ಅಲ್ಲಿಗೇ ಇನ್ನೊಂದು ಸರಳು ಕೊಟ್ಟ.

ಮಳೆಗಾಲದ ನಾಲ್ಕು ತಿಂಗಳು ಕಾಗದದ ಕೆಲಸ ತೋರಿಸುವುದನ್ನೇ ಬಿಟ್ಟಿದ್ದೇವೆ. ಆಗ ಸುಟ್ಟ ಮಣ್ಣು, ಕಲ್ಲು, ವಿಡಿಯೊ. ಗಾಳಿಯ ತೇವ ಹೀರುವ ಡೀಹ್ಯುಮಿಡಿಫೈಯರ್ ಯಂತ್ರ ಇದೆ, ಆದರೆ ಕರೆಂಟು ಹೋದರೆ ಅದೂ ಹೋಯಿತು. ಹೆಂಚಿನ ಮಾಡಿನ ಕಟ್ಟಡದಲ್ಲಿ ಅದನ್ನೊಂದೇ ನಂಬಿ ಬೇರೆಯವರ ಕೃತಿ ತರಬಾರದು. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಲು ಹಿಂದೆ ಕಾರ್ಕ್ ತುಂಡು ಅಂಟಿಸುತ್ತೇವೆ.

ಚೀಟಿ ಬರೆಯುವುದೂ ಬದಲಾಯಿತು. ಮೊದಲ ಸಾಲಿನಲ್ಲೇ ಯಾವುದರಲ್ಲಿ ಮಾಡಿದ್ದು, ಎಲ್ಲಿಂದ ತಂದದ್ದು, ಹೇಗೆ ಮಾಡಿದ್ದು, ಇಲ್ಲಿನ ಜನ ಆಡುವ ಮಾತಿನಲ್ಲೇ ಬರೆಯುತ್ತೇನೆ. ಉಳಿದದ್ದು ಆಮೇಲೆ. ಇದನ್ನು ಕಲಿಸಿದ್ದು ಕಲಾವಿದೆ ಶೀಲಾ ಗೌಡ ಅವರ ಕೃತಿಗಳ ಬಗ್ಗೆ ಮಾಡಿದ ಒಂದು ಸಂಜೆಯ ಮಾತುಕತೆ. ಅವರು ಹುಟ್ಟಿದ್ದು ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ, 1957ರಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್‌ನಲ್ಲಿ ಓದಿದವರು, 1990ರ ದಶಕದಲ್ಲಿ ಸಗಣಿಯನ್ನೇ ಕಲೆಯ ವಸ್ತು ಮಾಡಿಕೊಂಡರು. ದಾರ, ಸೂಜಿ, ಕುಂಕುಮದಲ್ಲೂ ಕೆಲಸ ಮಾಡಿದರು. ನಾನು ಸ್ಕ್ರೀನ್ ಮೇಲೆ ಫೋಟೊ ಹಾಕಿ, ಇದು ಸಗಣಿ, ಇದು ಸೂಜಿಯ ಕಣ್ಣಲ್ಲಿ ಪೋಣಿಸಿದ ದಾರ, ಇದು ಕುಂಕುಮ ಅಂತ ಮಾತ್ರ ಹೇಳಿ ಕೂತೆ. ಬಂದವರು ಕೇಳತೊಡಗಿದರು. ಬಿರುಕು ಬಿಡಲ್ವಾ? ಏನು ಸೇರಿಸಿದ್ದಾರೆ? ಇಷ್ಟು ಉದ್ದದ ದಾರಕ್ಕೆ ಎಷ್ಟು ದಿನ ಬೇಕಾಯ್ತು? ಒಬ್ಬರೇ ಮಾಡಿದ್ದಾ? ಕೊನೆಗೆ ಹಿಂದೆ ಕೂತಿದ್ದ ಒಬ್ಬರು, "ಮನೆಯಲ್ಲಿ ನಾವು ಮಾಡಿದರೆ ಇದನ್ನು ಯಾರೂ ಕೆಲಸ ಅಂತ ಲೆಕ್ಕ ಹಾಕಲ್ಲ, ಅವರು ಅದನ್ನೇ ಎದುರಿಗೆ ತಂದಿಟ್ಟಿದ್ದಾರೆ" ಅಂದರು. ನನ್ನ ಟಿಪ್ಪಣಿಯ ಎರಡು ಪುಟದಲ್ಲಿ ಆ ಮಾತು ಇರಲಿಲ್ಲ.

ಇದರ ಅರ್ಥ ಜನರಿಗೆ ಪರಿಚಯ ಇರುವ ವಸ್ತುವನ್ನೇ ತೋರಿಸಬೇಕು ಅಂತಲ್ಲ. ಹಾಗೆ ಮಾಡಿದರೆ ಅವರನ್ನು ಇನ್ನೊಂದು ರೀತಿಯಲ್ಲಿ ಸಣ್ಣವರನ್ನಾಗಿ ಮಾಡಿದ ಹಾಗೆ. ಕಂಪ್ಯೂಟರ್‌ನಲ್ಲಿ ಮಾಡಿದ ಕೃತಿಗಳನ್ನೂ ತಂದಿದ್ದೇವೆ, ಮೊಬೈಲ್ ರಿಪೇರಿ ಅಂಗಡಿಯ ಹುಡುಗರು ಅದರ ಮುಂದಿನಿಂದ ಎದ್ದೇ ಹೋಗಲಿಲ್ಲ.

ಹಾಳೆಯ ಪರದೆ ಕಳೆದ ಬೇಸಿಗೆಯಲ್ಲಿ ಮತ್ತೆ ಆಯಿತು. ಕಲಾವಿದೆ ಫೆಬ್ರವರಿಯಲ್ಲೇ ಬಂದು, ಆ ಅಮ್ಮನ ಮನೆಯಲ್ಲಿ ಉಳಿದು, ಇಬ್ಬರೂ ಸೇರಿ ತೋಟದಲ್ಲಿ ಹೆಕ್ಕಿದ ಹಾಳೆಗಳು. ಚೀಟಿಯಲ್ಲಿ ಇಬ್ಬರ ಹೆಸರೂ ಇತ್ತು. ಪ್ರದರ್ಶನ ಮುಗಿದ ಮೇಲೆ ಪರದೆಯನ್ನು ಸುತ್ತಿ ಅವರ ಅಟ್ಟದಲ್ಲೇ ಇಟ್ಟಿದ್ದೇವೆ. ಅವರ ಮನೆಯಲ್ಲಿ ಇನ್ನೂ ಸೌದೆ ಒಲೆ ಇದೆ.