ಅಮ್ಮನ ಬಿಪಿ ಮೆಷಿನ್ನು, ನನ್ನ 070

ಹೋದ ಮಳೆಗಾಲದ ಮಾತು. ನಮ್ಮ ತೋಟ ಇರೋದು ಕೊಪ್ಪದ ಹತ್ರ, ಜುಲೈ ಅಂದ್ರೆ ಹೆಂಗಿರುತ್ತೆ ಅಂತ ಈ ಕಡೆಯೋರಿಗೆ ಹೇಳೋದೇ ಬೇಡ. ಕರೆಂಟ್ ಹೋಗಿ ಎರಡು ದಿನ ಆಗಿತ್ತು, ಫೋನಲ್ಲಿ ಒಂದು ಕಡ್ಡಿ ನೆಟ್‌ವರ್ಕ್ ಇಲ್ಲ, ತೋಟಕ್ಕೆ ಇಳಿಯೋ ಹಂಗಿಲ್ಲ, ಸುಮ್ನೆ ಕೂತ್ರೆ ಅಮ್ಮ ಯಾವುದಾದ್ರೂ ಡಬ್ಬ ಒರೆಸೋ ಕೆಲಸ ಹಚ್ತಾಳೆ ಅಂತ ನಾನು ಬೆಳಿಗ್ಗೆ ತಿಂಡಿ ಆದ ತಕ್ಷಣ ಕಣದ ಪಕ್ಕದ ಶೆಡ್ ಸೇರ್ಕೊಂಡೆ. ಅಲ್ಲಿ ನನ್ನ 070 ಮೂರು ತಿಂಗಳಿಂದ ನನ್ನ ಮರ್ಯಾದೆ ತೆಗೀತಾ ಕೂತಿತ್ತು.

070 ಅಂದ್ರೆ ಸ್ಟಿಲ್ ಕಂಪನಿಯ ಹಳೇ ಮರ ಕುಯ್ಯೋ ಮೆಷಿನ್. 1959ರಲ್ಲಿ ಅವರು ಕಾಂಟ್ರಾ ಅಂತ ಒಂದು ಮಾಡಿದ್ರು, ಗೇರ್ ಇಲ್ದೆ ನೇರ ಚೈನ್ ತಿರುಗಿಸೋದು, ಅದರ ವಂಶದ್ದೇ ಇದು. 58 ಎಂಎಂ ಪಿಸ್ಟನ್, 106 ಸಿಸಿ. ಒಂದೇ ಸಿಲಿಂಡರ್, ಬೈಕಿಗೆ ಹಾಕಿದ್ರೂ ಓಡುತ್ತೆ ಅಂತಾರಲ್ಲ, ಅಂಥ ಇಂಜಿನ್ನು. ಚೈನ್ ಬ್ರೇಕ್ ಇಲ್ಲ, ಹಿಡಿಗೆ ರಬ್ಬರ್ ಬುಷ್ ಇಲ್ಲ, ಇಂಜಿನ್ ಕುಣಿದಷ್ಟೂ ನಿಮ್ಮ ಕೈಯೂ ಕುಣಿಯುತ್ತೆ. ಚಿಕ್ಕಮಗಳೂರಲ್ಲಿ ಒಂದು ಗುಜರಿ ಅಂಗಡೀಲಿ ಹಳೇ ಪಂಪ್‌ಸೆಟ್ಟುಗಳ ಅಡಿ ಇದರ ಹ್ಯಾಂಡಲ್ ಕಾಣಿಸ್ತು, ಎಳೆದು ನೋಡಿದ್ರೆ ಪೂರ್ತಿ ಇಂಜಿನ್ ಇದೆ, ಹಗ್ಗ ಎಳೆದೆ, ಕಂಪ್ರೆಷನ್ ಚೆನ್ನಾಗೇ ಇತ್ತು. ನನ್ನ ಮುಖ ನೋಡಿದ ಸಾಬ್ರು ಕೇಜಿ ಲೆಕ್ಕ ಬಿಟ್ಟು ಬೇರೆ ಲೆಕ್ಕ ಶುರು ಮಾಡಿದ್ರು. ಗುಜರಿ ಅಂಗಡೀಲಿ ಮುಖ ತೋರಿಸ್ಬಾರದು ಅಂತ ನಂಗೆ ಇಷ್ಟು ವರ್ಷ ಆದ್ಮೇಲೂ ಬುದ್ಧಿ ಬಂದಿಲ್ಲ. ಮನೆಗೆ ತಂದಾಗ ಅಪ್ಪ ಚೀಲದೊಳಗೆ ಇಣುಕಿ, "ಗುಜರಿಯೋನು ಮನೆ ಮನೆಗೆ ಬಂದು ತಗೊಂಡು ಹೋಗ್ತಾನೆ, ನೀನು ಅವನತ್ರ ಹೋಗಿ ತಗೊಂಡು ಬರ್ತೀಯ" ಅಂದ್ರು.

ನಂಗೆ ಟೂ ಸ್ಟ್ರೋಕ್ ಹುಚ್ಚು ಹಿಡಿಸಿದ್ದು ಚಿಕ್ಕಪ್ಪನ ಯೆಜ್ಡಿ. ಮೈಸೂರಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ, ಆಮೇಲೂ ಎಷ್ಟೋ ವರ್ಷ ನಮ್ಮ ಕಡೆ ಆ ಬೈಕುಗಳು ಕಾಫಿ ಮೂಟೆ ಹೊತ್ಕೊಂಡು ಓಡಾಡಿವೆ. ಅದರಲ್ಲಿ ಪ್ಲಗ್ಗಿಗೆ ಕಿಡಿ ಕಳಿಸೋ ಪಾಯಿಂಟಿನ ಗ್ಯಾಪು 0.4 ಎಂಎಂ ಇಡೋದು, ಕಾರ್ಬೇಟರ್ ಬಿಚ್ಚಿ ಜೆಟ್ ಊದೋದು, ಪ್ಲಗ್ ಕಂಪಾಗಿದ್ರೆ ಸರಿ, ಕಪ್ಪಾಗಿದ್ರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ರೆ ಕಮ್ಮಿ ಅಂತ ಓದೋದು, ಇಷ್ಟು ಕಲಿತು ನಾನೇನೋ ದೊಡ್ಡ ಮೆಕ್ಯಾನಿಕ್ಕು ಅಂದ್ಕೊಂಡಿದ್ದೆ. ಈಗ ಶೆಡ್ಡಲ್ಲಿ ಮೂರು ಚೈನ್ ಸಾ, ಒಂದು ಔಷಧಿ ಹೊಡಿಯೋ ಪವರ್ ಸ್ಪ್ರೇಯರ್ ಇಂಜಿನ್, ಒಂದು ಲೂನಾ ಇವೆ. ಲೂನಾ ಬಗ್ಗೆ ಮಾತಾಡೋದು ಬೇಡ.

070 ಬಿಚ್ಚಿದಾಗ ಸ್ಪಾರ್ಕ್ ಇರ್ಲಿಲ್ಲ. ಇದರಲ್ಲಿ ಪಾಯಿಂಟ್ ಇರೋದು ಫ್ಲೈವೀಲ್ ಅನ್ನೋ ಭಾರದ ಚಕ್ರದ ಅಡಿ. ಪುಲ್ಲರ್ ಹಾಕಿ ಫ್ಲೈವೀಲ್ ತೆಗೆದ್ರೆ ಒಳಗೆಲ್ಲ ಎಣ್ಣೆ ಪಸೆ, ಪಾಯಿಂಟ್ ಮೇಲೆ ಕರಿ ಕಟ್ಟಿತ್ತು. ಪೆಟ್ರೋಲಲ್ಲಿ ತೊಳೆದು, ವಾಟರ್ ಪೇಪರಲ್ಲಿ ಉಜ್ಜಿ, ಕಂಡೆನ್ಸರ್ ಬದಲಾಯಿಸಿ, ಗ್ಯಾಪ್ ಇಟ್ಟು ಎಳೆದ್ರೆ ನೀಲಿ ಕಿಡಿ. ಕಾರ್ಬೇಟರಿಗೆ ಹೊಸ ಡಯಾಫ್ರಾಮ್ ಕಿಟ್ ಹಾಕಿದೆ. ಈ ಮಾಡೆಲ್ಲಿಗೆ ಕಾಪಿ ಪಾರ್ಟುಗಳು ಆನ್‌ಲೈನಲ್ಲಿ ಧಾರಾಳವಾಗಿ ಸಿಗ್ತವೆ, ಚೀನಾದಲ್ಲಿ ಇಡೀ ಮೆಷಿನ್ನಿನ ನಕಲೇ ಮಾಡ್ತಾರೆ. ಲೀಟರಿಗೆ 40 ಎಂಎಲ್ ಟೂಟಿ ಆಯಿಲ್ ಬೆರೆಸಿ ಹಾಕಿದೆ, ಎಂಟನೇ ಎಳೆತಕ್ಕೆ ಸ್ಟಾರ್ಟು! ನಾಯಿ ಓಡೋಯ್ತು, ದನಗಳು ಎದ್ದು ನಿಂತ್ವು, ಅಮ್ಮ ಒಳಗಿಂದ ಏನೋ ಕೂಗಿದ್ಳು, ಕೇಳಿಸ್ಲಿಲ್ಲ.

ತೊಂದ್ರೆ ಶುರುವಾಗಿದ್ದು ಅಲ್ಲಿಂದ. ಆಕ್ಸಿಲರೇಟರ್ ಬಿಟ್ರೂ ರೇಸ್ ಇಳೀತಿರ್ಲಿಲ್ಲ. ಸ್ವಲ್ಪ ಹೊತ್ತು ಐಡಲ್ ನಿಂತಂಗೆ ಮಾಡಿ, ಬಿಸಿ ಆದ ಮೇಲೆ ತಾನಾಗೇ ಊ ಅಂತ ಏರಿಕೊಂಡು ಹೋಗೋದು. ಪ್ಲಗ್ ತೆಗೆದ್ರೆ ಸುಣ್ಣದ ಥರ ಬಿಳುಪು. ಅಂದ್ರೆ ಪೆಟ್ರೋಲ್ ಕಮ್ಮಿ ಬರ್ತಿದೆ, ಕಾರ್ಬೇಟರ್ದೇ ತಪ್ಪು ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಪೆಟ್ರೋಲ್ ಹೆಚ್ಚು ಕಮ್ಮಿ ಮಾಡೋ ಸೂಜಿ ಕಾಲು ಸುತ್ತು ಬಿಚ್ಚೋದು, ಅರ್ಧ ಸುತ್ತು ಬಿಚ್ಚೋದು, ಒಂದಿನ ಸರಿ ಇದ್ದಂಗೆ ಅನ್ಸೋದು, ಮಾರನೇ ದಿನ ಮತ್ತೆ ಅದೇ ರಾಗ. ಪೇಟೆಯ ಒಬ್ಬ ಮೆಕ್ಯಾನಿಕ್ ಹತ್ರ ತಗೊಂಡು ಹೋದ್ರೆ ಅವನು ಎರಡು ಸಲ ಎಳೆದು, ಕಾರ್ಬೇಟರ್ ಹೋಗಿದೆ ಹೊಸದು ಹಾಕಿ ಅಂದ. ಹಾಕಿದೆ. ಅದೇ ರಾಗ.

ಆಮೇಲೆ ಪೆಟ್ರೋಲ್ ಮೇಲೆ ಗುಮಾನಿ ಬಂತು. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು, ಹಳೇ ಕಾಲದ ರಬ್ಬರಿಗೆ ಅದು ಆಗಿಬರಲ್ಲ, ಜೊತೆಗೆ ನಮ್ಮೂರ ಗಾಳೀಲಿರೋ ತೇವನೆಲ್ಲ ಹೀರ್ಕೊಳ್ಳುತ್ತೆ. ಅಮ್ಮನ ಹಾಲಳೆಯೋ ಗಾಜಿನ ಲೋಟದಲ್ಲಿ 100 ಎಂಎಲ್ ಪೆಟ್ರೋಲು, 20 ಎಂಎಲ್ ನೀರು ಹಾಕಿ ಕುಲುಕಿ ಇಟ್ಟೆ. ಹತ್ತು ನಿಮಿಷ ಬಿಟ್ಟು ನೋಡಿದ್ರೆ ಕೆಳಗೆ ನಿಂತಿದ್ದ ನೀರು ಸುಮಾರು ಡಬಲ್ ಆಗಿತ್ತು, ಎಥನಾಲೆಲ್ಲ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಹೋಗಿ ಸೇರ್ಕೊಂಡಿದೆ. ನೋಡೋಕೆ ಮಜಾ ಇತ್ತು, ಆದ್ರೆ ಮೆಷಿನ್ ಸರಿ ಹೋಗ್ಲಿಲ್ಲ. ಲೋಟ ಹೋಯ್ತು ಅಷ್ಟೆ.

ಆ ಮಳೆ ದಿನ ಸೈಲೆನ್ಸರ್ ಬಿಚ್ಚಿ ಬಂದ ಬೆಳಕಿಗೆ ಹಿಡಿದು ಒಳಗೆ ಇಣುಕಿ ನೋಡಿದೆ. ಎಕ್ಸಾಸ್ಟ್ ಕಡೆ ಪಿಸ್ಟನ್ ಮೈಮೇಲೆ ಉದ್ದುದ್ದ ಗೆರೆ, ಬೆಕ್ಕು ಪರಚಿದಂಗೆ. ಹೊಟ್ಟೆ ಚುರ್ ಅಂತು. ಇನ್ನೊಂದು ನಾಲ್ಕು ಸಲ ಹಂಗೇ ರೇಸ್ ಆಗೋಕೆ ಬಿಟ್ಟಿದ್ರೆ ಪಿಸ್ಟನ್ ಹಿಡ್ಕೊಂಡು ಕಥೆ ಮುಗೀತಿತ್ತು. ಪೆಟ್ರೋಲ್ ಸರಿಯಾಗಿ ಬರ್ತಿದ್ರೂ ಪ್ಲಗ್ ಬೆಳ್ಳಗಾಗುತ್ತೆ ಅಂದ್ರೆ ಎಲ್ಲಿಂದಲೋ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋಗ್ತಿದೆ ಅನ್ನೋದು ಆಗ, ಅಷ್ಟು ತಡವಾಗಿ, ತಲೆಗೆ ಹೋಯ್ತು. ಟೂ ಸ್ಟ್ರೋಕಲ್ಲಿ ಪಿಸ್ಟನ್ ಕೆಳಗಿರೋ ಕ್ರ್ಯಾಂಕ್ ಕೇಸ್ ಅನ್ನೋದು ಸುಮ್ನೆ ಎಣ್ಣೆ ಡಬ್ಬ ಅಲ್ಲ, ಅದೇ ಪಂಪು. ಪಿಸ್ಟನ್ ಮೇಲೆ ಹೋದಾಗ ಅದು ಕಾರ್ಬೇಟರಿಂದ ಎಳ್ಕೊಳ್ಳುತ್ತೆ, ಕೆಳಗೆ ಬಂದಾಗ ಒತ್ತಿ ಮೇಲೆ ಕಳಿಸುತ್ತೆ. ಆ ಡಬ್ಬದಲ್ಲಿ ಒಂದು ಸೂಜಿಯಷ್ಟು ಸಂದು ಇದ್ರೂ ಗಾಳಿ ಅಲ್ಲಿಂದ ನುಗ್ಗುತ್ತೆ, ನೀವು ಕಾರ್ಬೇಟರ್ ಸೂಜಿ ಎಷ್ಟು ತಿರುಗಿಸಿದ್ರೂ ತೂತು ಕೊಡಕ್ಕೆ ನೀರು ಹೊಯ್ದಂಗೆ.

ಸಂದು ಹುಡುಕೋಕೆ ಒಳಗೆ ಗಾಳಿ ತುಂಬಿ ನೋಡ್ಬೇಕು. ಅದಕ್ಕೆ ಪಂಪು ಮೀಟರು ಇರೋ ಸಾಮಾನು ಬರುತ್ತೆ, ನಮ್ಮತ್ರ ಎಲ್ಲಿಂದ ಬರ್ಬೇಕು. ಜಾಸ್ತಿ ಪ್ರೆಷರ್ ಹಾಕೋ ಹಂಗೂ ಇಲ್ಲ, ಐದಾರು ಪಿಎಸ್‌ಐ ಸಾಕು, ಸೈಕಲ್ ಪಂಪ್ ಹಾಕಿದ್ರೆ ಶಾಫ್ಟ್ ಸುತ್ತ ಗಾಳಿ ತಡೆಯೋಕೆ ಇರೋ ರಬ್ಬರ್ ಸೀಲೂ ಹಾರಿ ಹೋಗುತ್ತೆ. ಹಿಂಗೆ ಯೋಚನೆ ಮಾಡ್ತಾ ಕಾಫಿ ಕುಡಿಯೋಕೆ ಒಳಗೆ ಹೋದೆ, ಅಮ್ಮನ ಬಿಪಿ ನೋಡೋ ಮೆಷಿನ್ ಗೂಡಲ್ಲಿತ್ತು. ಆ ಹಳೇ ಥರದ್ದು, ಕೈಯಲ್ಲಿ ಒತ್ತೋ ರಬ್ಬರ್ ಬುರುಡೆ, ಗುಂಡನೆ ಡಯಲ್ಲು, 300ರ ತನಕ ಮುಳ್ಳು. ಲೆಕ್ಕ ಹಾಕ್ದೆ, 260 ಎಂಎಂ ಅಂದ್ರೆ ಐದು ಪಿಎಸ್‌ಐ. ಅಮ್ಮ ಮೇಲೆ ದೇವರ ಮನೇಲಿದ್ಳು. ಎತ್ಕೊಂಡು ಬಂದೆ.

ಒಂದು ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರೊಳಗೆ ಸೈಕಲ್ ಟ್ಯೂಬಿನ ವಾಲ್ ಮುಚ್ಚು ತೆಗೆದು ಕೂರಿಸಿ, ಸುತ್ತ ಎಂ-ಸೀಲ್ ಮೆತ್ತಿದೆ. ಅದು ಒಣಗೋ ತನಕ ಎಕ್ಸಾಸ್ಟ್ ಬಾಯಿಗೆ, ಕಾರ್ಬೇಟರ್ ಕೂರೋ ಜಾಗಕ್ಕೆ ಸೈಕಲ್ ಟ್ಯೂಬ್ ತುಂಡು ಕೊಯ್ದು ಇಟ್ಟು ಬೋಲ್ಟ್ ಬಿಗಿದೆ. ಪಿಸ್ಟನ್ ಕೆಳಗೆ ತಂದು, ಬುರುಡೆ ಒತ್ತಿ ಒತ್ತಿ 260ಕ್ಕೆ ಏರಿಸಿದೆ. ಮುಳ್ಳು ನಿಲ್ಲಲೇ ಇಲ್ಲ, ನೋಡ್ತಾ ಇದ್ದಂಗೆ 200, 150, 80, ಸೊನ್ನೆ. ರೋಗಿ ಹೋದ ಅಂತ ಅನ್ಕೊಂಡು ನಂಗೇ ನಗು ಬಂತು. ಪಾತ್ರೆ ತೊಳೆಯೋ ಸೋಪು ನೀರಲ್ಲಿ ಕಲಸಿ ಬ್ರಷ್ಷಲ್ಲಿ ಹಚ್ತಾ ಬಂದೆ. ಸಿಲಿಂಡರ್ ಬುಡ, ಏನೂ ಇಲ್ಲ. ಕೇಸ್ ಜಾಯಿಂಟ್, ಇಲ್ಲ. ಕ್ಲಚ್ ಕಡೆ, ಇಲ್ಲ. ಫ್ಲೈವೀಲ್ ತೆಗೆದು ಪಾಯಿಂಟ್ ಹಿಂದಿನ ಸೀಲಿಗೆ ಹಚ್ಚಿದೆ ನೋಡಿ, ಬುಸು ಬುಸು ನೊರೆ, ಅಕ್ಕಿ ಬೇಯುವಾಗ ಕುಕ್ಕರ್ ಸೀಟಿ ಬುಡದಲ್ಲಿ ಬರುತ್ತಲ್ಲ ಹಂಗೆ. ಶಾಫ್ಟ್ ಸುತ್ತ ಒಂದು ಕಡೆ ಮಾತ್ರ, ಗಡಿಯಾರದಲ್ಲಿ ನಾಲ್ಕು ಗಂಟೆ ಇರೋ ಜಾಗದಲ್ಲಿ. ಉಗುರಲ್ಲಿ ಕೆರೆದ್ರೆ ಸೀಲಿನ ತುಟಿ ಪ್ಲಾಸ್ಟಿಕ್ ಥರ ಗಟ್ಟಿಯಾಗಿ ಬಿರಿದಿತ್ತು.

ನಾಚಿಕೆ ಆಗಿದ್ದು ಅದಕ್ಕಲ್ಲ. ಮೊದಲನೇ ದಿನ ಪಾಯಿಂಟ್ ಮೇಲೆ ಎಣ್ಣೆ ಪಸೆ ಇತ್ತು ಅಂದ್ನಲ್ಲ, ಆಮೇಲೂ ಮೂರು ಸಲ ತೊಳೆದಿದ್ದೆ, ಮೂರು ಸಲವೂ ಮತ್ತೆ ಬಂದಿತ್ತು. ಎಣ್ಣೆ ಹೊರಗೆ ಬರೋ ದಾರೀಲೇ ಅಲ್ವಾ ಗಾಳಿ ಒಳಗೆ ಹೋಗೋದು. ಮೆಷಿನ್ ಮೊದಲ ದಿನದಿಂದ ಕೈ ತೋರಿಸಿ ಹೇಳ್ತಾ ಇತ್ತು, ನಾನು ಒರೆಸಿ ಒರೆಸಿ ಬಾಯಿ ಮುಚ್ಚಿಸ್ತಾ ಇದ್ದೆ.

ಸೀಲ್ ಸಿಕ್ಕಿದ್ದು ಶಿವಮೊಗ್ಗದ ಒಂದು ಬೇರಿಂಗ್ ಅಂಗಡೀಲಿ, ಅಳತೆ ಕೊಟ್ಟಿದ್ದಕ್ಕೆ ಡಬ್ಬಿ ತೆಗೆದು ಕೊಟ್ರು, ಎರಡಕ್ಕೆ ನೂರು ರೂಪಾಯಿ ಒಳಗೆ. ಕಾರ್ಬೇಟರಿಗೆ ಎಷ್ಟು ಕೊಟ್ಟಿದ್ದೆ ಅಂತ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ. ಪಿಸ್ಟನ್ ಗೆರೆಗಳನ್ನ ಸಣ್ಣ ಪೇಪರಲ್ಲಿ ತೀಡಿದೆ, ಸಿಲಿಂಡರ್ ಗೋಡೆಗೆ ಏನೂ ಆಗಿರ್ಲಿಲ್ಲ, ಪುಣ್ಯ. ಬಿಪಿ ಮೆಷಿನ್ ಒರೆಸಿ ವಾಪಸ್ ಇಟ್ಟಿದ್ದೆ, ಆದ್ರೂ ಮುಂದಿನ ವಾರ ಅಮ್ಮನ ಬಿಪಿ ನೋಡೋಕೆ ಬಂದ ಸಿಸ್ಟರ್ "ಏನಮ್ಮಾ ಇದು, ಪೆಟ್ರೋಲ್ ವಾಸನೆ" ಅಂದ್ರಂತೆ. ಅಮ್ಮನಿಗೆ ಆವತ್ತು ಬಿಪಿ ಜಾಸ್ತಿ ಬಂದಿದ್ದಕ್ಕೆ ನಾನೇ ಕಾರಣ ಅನ್ನೋದು ಮನೆಯವರ ಒಮ್ಮತದ ಅಭಿಪ್ರಾಯ.

ಮಳೆ ಸ್ವಲ್ಪ ಹೊಳವಾದ ದಿನ ಎಲ್ಲ ಜೋಡಿಸಿ, ಚೈನು ಓಡೋ ಕಬ್ಬಿಣದ ಪಟ್ಟಿ, ಚೈನು ಹಾಕದೆ ಬರೀ ಇಂಜಿನ್ ಕಣದಲ್ಲಿ ಇಟ್ಟು ಸ್ಟಾರ್ಟ್ ಮಾಡಿದೆ. ಸದ್ದು ಕೇಳಿ ಆಳುಗಳ ಲೈನ್ ಮನೆ ಕಡೆಯಿಂದ ನಮ್ಮ ಹಳೇ ಮೇಸ್ತ್ರಿ ಕಂಬಳಿಕೊಪ್ಪೆ ಹಾಕ್ಕೊಂಡು ಬಂದ್ರು. ಈಗ ವಯಸ್ಸಾಗಿದೆ, ಮರಗಸಿಗೆ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಯೋಕೆ, ಹೋಗಲ್ಲ. ಒಂದು ಕಾಲದಲ್ಲಿ ಸುತ್ತಲ ತೋಟಗಳ ಸಿಲ್ವರ್ ಮರ ಎಲ್ಲ ಇವರ ಕೈಯಿಂದ್ಲೇ ಇಳಿದಿದ್ದು, ಅದೂ ಇಂಥದ್ದೇ ಮೆಷಿನ್ನಲ್ಲಿ. ನಾನು ಉತ್ಸಾಹದಲ್ಲಿ ಚೈನಿನ ಕಥೆ ಹೇಳೋಕೆ ಹೋದೆ. ಈಗಿನ ಚೈನಿನ ಹಲ್ಲು ಹಿಂಗಿರೋದು ಒಂದು ಹುಳದಿಂದ, 1946ರಲ್ಲಿ ಅಮೆರಿಕದ ಆರೆಗಾನಲ್ಲಿ ಜೋ ಕಾಕ್ಸ್ ಅನ್ನೋನು ಮರದೊಳಗೆ ಕೊರಕ ಹುಳ ಎಡಕ್ಕೊಂದು ಬಲಕ್ಕೊಂದು ಕಚ್ಚಿ ತಿನ್ನೋದನ್ನ ನೋಡಿ ಇದನ್ನ ಮಾಡಿದ ಅಂತ. ಮೇಸ್ತ್ರಿ "ನಮ್ಮ ಕಾಫಿ ಕೊರಕನಾ?" ಅಂದ್ರು. ಅದರ ದಾಯಾದಿ ಅಂದೆ. "ಹಂಗಾದ್ರೆ ಅದಕ್ಕೆ ಔಷಧಿ ಹೊಡೆಯೋದ್ಯಾಕೆ, ಸಂಬಳ ಕೊಡಿ" ಅಂದ್ರು.

"ಹಿಡೀರಿ ಒಂದ್ಸಲ, ನೋಡಿ ಹೆಂಗಿದೆ" ಅಂತ ಮೆಷಿನ್ ಮುಂದೆ ಮಾಡಿದೆ. ಅವರು ಕೈ ಚಾಚ್ಲಿಲ್ಲ. ಕೊಪ್ಪೆ ಒಳಗಿಂದ ಬಲಗೈ ತೆಗೆದು ತೋರಿಸಿದ್ರು. ತೋರುಬೆರಳು, ನಡುಬೆರಳು ಎರಡೂ ಗೆಣ್ಣಿನ ತನಕ ಬೆಳ್ಳಗಿದ್ವು, ಮೇಣದ ಬತ್ತಿ ಥರ, ಅಲ್ಲಿಂದ ಕೆಳಗೆ ಮಾಮೂಲಿ ಬಣ್ಣ. ಚಳಿ ಬಿದ್ರೆ ಹಿಂಗಾಗುತ್ತಂತೆ, ಬಿಸಿ ಆಗೋ ತನಕ ಅಂಗಿ ಗುಂಡಿ ಹಾಕೋಕೂ ಆಗಲ್ವಂತೆ. "ಇದರ ಕುಣಿತದ್ದೇ ಕೊಡುಗೆ ಸಣ್ಣಯ್ಯ. ನೀವು ಸ್ಟಾರ್ಟ್ ಮಾಡಿ, ನಾನು ಇಲ್ಲಿಂದ್ಲೇ ಕೇಳ್ತೀನಿ" ಅಂದ್ರು.

ನಾನೇನು ಹೇಳ್ಲಿ. ಸ್ಟಾರ್ಟ್ ಮಾಡಿದೆ. ಐಡಲ್ ಹೊಡೆತ ಒಂದೊಂದೂ ಎಣಿಸ್ಬೋದು ಅನ್ನೋಷ್ಟು ನಿಧಾನಕ್ಕೆ ನಿಂತ್ಕೊಳ್ತು, ರೇಸ್ ಕೊಟ್ಟು ಬಿಟ್ರೆ ತಕ್ಷಣ ಇಳೀತು. ಫುಲ್ ಹಿಡಿದಾಗ ಮೇಸ್ತ್ರಿ ಕಣ್ಣು ಮುಚ್ಕೊಂಡು ತಲೆ ಅಡ್ಡ ಆಡಿಸಿದ್ರು. "ಕಿರುಚ್ತಾ ಇದೆ. ಎಣ್ಣೆ ಕೊಡಿ ಅದಕ್ಕೆ." ಪೆಟ್ರೋಲ್ ಜಾಸ್ತಿ ಬರ್ಲಿ ಅಂತ ಕಾರ್ಬೇಟರಿನ ದೊಡ್ಡ ಸೂಜಿ ಸ್ವಲ್ಪ ಬಿಚ್ಚಿದೆ. "ಇನ್ನೂ." ಇನ್ನೊಂಚೂರು ಬಿಚ್ಚಿದೆ, ಆ ಚೂಪು ಸದ್ದು ಒಡೆದು ಬಳಬಳ ಅಂತ ದಪ್ಪ ಆಯ್ತು. ಖಾಲಿ ಓಡುವಾಗ ಹಂಗೇ ತೊದಲ್ಬೇಕು, ಮರದೊಳಗೆ ಇಳಿದ ಮೇಲೆ ತಾನೇ ಸರಿಯಾಗುತ್ತೆ ಅಂದ್ರು. ಅಮ್ಮ ಕಾಫಿ ತಂದು ಜಗಲಿ ಮೇಲಿಟ್ಳು. ಮೇಸ್ತ್ರಿ ಲೋಟವನ್ನ ಎರಡೂ ಕೈಯಲ್ಲಿ ತಬ್ಬಿ ಹಿಡ್ಕೊಂಡು, ಕುಡೀದೆ, ಸುಮಾರು ಹೊತ್ತು ಹಂಗೇ ಕೂತಿದ್ರು.