ಕ್ರೂಗರ್ ಪಕ್ಕದ ಖಾಸಗಿ ಕಾಡಿನಲ್ಲಿ ಎಷ್ಟು ರಾತ್ರಿ ತಂಗಬೇಕು?

ಕ್ರೂಗರ್ ದಕ್ಷಿಣ ಆಫ್ರಿಕಾದ ದೊಡ್ಡ ರಾಷ್ಟ್ರೀಯ ಉದ್ಯಾನ, ಅದರ ಅಂಚಿನಲ್ಲೇ ಗೇಮ್ ರಿಸರ್ವ್ ಎಂಬ ಖಾಸಗಿ ವನ್ಯಜೀವಿ ಕಾಡುಗಳಿವೆ. ಅಲ್ಲಿಗೆ ಹೊರಟವರೆಲ್ಲ ಕೇಳುವ ಪ್ರಶ್ನೆ ಇದು: "ಖಾಸಗಿ ಗೇಮ್ ರಿಸರ್ವ್‌ಗಳು ತುಂಬಾ ದುಬಾರಿ, ಒಂದು ರಾತ್ರಿ ಸಾಕಲ್ವಾ?" ಸಾಲದು. ಮೂರು ರಾತ್ರಿ ಬೇಕು. ಕೈ ಬಿಗಿಯಿದ್ದರೆ ಎರಡು. ಒಂದೇ ರಾತ್ರಿಗೆ ಹೋಗುವಷ್ಟೇ ದುಡ್ಡಿದ್ದರೆ ಅದರಲ್ಲಿ ಕ್ರೂಗರ್ ಒಳಗಿನ ಸರ್ಕಾರಿ ಕ್ಯಾಂಪುಗಳಲ್ಲಿ ಹೆಚ್ಚು ದಿನ ಇದ್ದು ಬನ್ನಿ, ಅದೇ ಮೇಲು.

ಲೆಕ್ಕ ಹಾಕಬೇಕಾದದ್ದು ರಾತ್ರಿಗಳನ್ನಲ್ಲ, ಸಫಾರಿಗಳನ್ನು. ದಿನಕ್ಕೆ ಎರಡು: ನಸುಕಿನಲ್ಲಿ ಒಂದು, ಮಧ್ಯಾಹ್ನ ಮೂರೂವರೆ–ನಾಲ್ಕಕ್ಕೆ ಇನ್ನೊಂದು, ತಲಾ ಸುಮಾರು ಮೂರು ಗಂಟೆ. ಮೂರು ರಾತ್ರಿ ಎಂದರೆ ಆರು ಸಫಾರಿ. ಒಂದು ರಾತ್ರಿಗೆ ಸಿಗುವುದು ಎರಡೇ. ಅದರಲ್ಲೊಂದು ಮಳೆಗೆ ಹೋದರೆ ಮುಗಿಯಿತು. ಮೊದಲ ದಿನ ಮಧ್ಯಾಹ್ನ ಎರಡು ಗಂಟೆಯೊಳಗೆ ಲಾಡ್ಜ್ ಸೇರದಿದ್ದರೆ ಆ ಸಂಜೆಯ ಸಫಾರಿಯೂ ತಪ್ಪುತ್ತದೆ. ಜೊಹಾನ್ಸ್‌ಬರ್ಗ್‌ನಿಂದ ಕಾರಿನಲ್ಲಿ ಐದಾರು ಗಂಟೆಯ ದಾರಿ. ಹಾಗಾಗಿ ಬೆಂಗಳೂರಿನಿಂದ ಹಾರಿ ಬಂದ ದಿನವೇ ಕಾಡು ಸೇರುವ ಯೋಜನೆ ಬೇಡ. ವಿಮಾನದಲ್ಲಾದರೆ ಕಾಡಿಗೆ ಹತ್ತಿರದ ನಿಲ್ದಾಣಗಳಾದ ಹೂಡ್‌ಸ್ಪ್ರೈಟ್ ಅಥವಾ ಸ್ಕುಕುಜಾವರೆಗೆ ಹೋಗಬಹುದು.

ಲಾಡ್ಜ್ ಆರಿಸುವಾಗ ಈಜುಕೊಳದ ಫೋಟೋ ನೋಡಬೇಡಿ, ಭೂಪಟ ಕೇಳಿ. ಈ ಖಾಸಗಿ ಕಾಡುಗಳಲ್ಲೊಂದಾದ ಸಾಬಿ ಸ್ಯಾಂಡ್ ಸುಮಾರು 65,000 ಹೆಕ್ಟೇರ್, ಅಂದರೆ ಒಂದೂವರೆ ಲಕ್ಷ ಎಕರೆಗೂ ಮೇಲು. ಅದಕ್ಕೂ ಕ್ರೂಗರ್‌ಗೂ ನಡುವಿನ ಬೇಲಿಯನ್ನು 1993ರಲ್ಲಿ ಕಿತ್ತುಹಾಕಿದರು. ಬೇಲಿ ಈಗ ಪ್ರಾಣಿಗಳಿಗಿಲ್ಲ, ಜೀಪುಗಳಿಗಿದೆ. ಒಳಗಿನ ಜಮೀನು ಹಲವು ಮಾಲೀಕರದು. ಪ್ರತಿ ಲಾಡ್ಜಿನ ಜೀಪು ತನ್ನ ಜಮೀನಿನಲ್ಲಿ ಮತ್ತು ಒಪ್ಪಂದವಾದ ನೆರೆಯವರ ಜಮೀನಿನಲ್ಲಿ ಮಾತ್ರ ಓಡಾಡಬೇಕು. ಇದಕ್ಕೆ ಅಲ್ಲಿ 'ಟ್ರಾವರ್ಸಿಂಗ್' ಅನ್ನುತ್ತಾರೆ. ಚಿರತೆ ಒಂದು ಒಣಹಳ್ಳ ದಾಟಿ ಪಕ್ಕದ ಜಮೀನಿಗೆ ಹೋಯಿತೆಂದರೆ ನಿಮ್ಮ ಜೀಪು ಅಲ್ಲೇ ನಿಲ್ಲುತ್ತದೆ. ಚಿಕ್ಕ ಲಾಡ್ಜುಗಳಲ್ಲಿ ನಿರಾಸೆಗೆ ದೊಡ್ಡ ಕಾರಣ ಇದೇ, ಪ್ರಾಣಿಗಳಿಲ್ಲದಿರುವುದಲ್ಲ.

ಆದ್ದರಿಂದ ಇಮೇಲ್‌ನಲ್ಲಿ ನೇರವಾಗಿ ಕೇಳಿ: ಎಷ್ಟು ಹೆಕ್ಟೇರ್ ಓಡಾಡಬಹುದು? ಅದೇ ಜಾಗದಲ್ಲಿ ಒಟ್ಟು ಎಷ್ಟು ಜೀಪುಗಳು ಓಡುತ್ತವೆ? ಒಂದು ಜೀಪಿಗೆ ಎಷ್ಟು ಜನ? (ಆರು ಚೆನ್ನ, ಹತ್ತಾದರೆ ಮಧ್ಯದ ಸೀಟಿನವರಿಗೆ ಕಷ್ಟ.) ರೇಂಜರ್ (ಜೀಪು ಓಡಿಸುವ ಗೈಡ್) ಜೊತೆ ಟ್ರ್ಯಾಕರ್ (ಹೆಜ್ಜೆಗುರುತು ಹುಡುಕುವವನು) ಇರುತ್ತಾನಾ?

ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಟ್ರ್ಯಾಕರ್ ಬಾನೆಟ್ ಮುಂದಿನ ಪುಟ್ಟ ಸೀಟಿನಲ್ಲಿ ಕೂತು ಮಣ್ಣು ಓದುತ್ತಾನೆ. ಹೆಜ್ಜೆಗುರುತಿನ ಅಂಚು ಚೂಪಾಗಿದ್ದರೆ ಹೊಸದು. ಅದರ ಮೇಲೆ ರಾತ್ರಿಯ ಹುಳ ಹರಿದಾಡಿದ ಗೆರೆಯಿದ್ದರೆ ಹಳೆಯದು. ಕೈ ಎತ್ತಿದನೆಂದರೆ ಜೀಪು ನಿಲ್ಲುತ್ತದೆ, ಇಬ್ಬರೂ ಇಳಿದು ನೋಡುತ್ತಾರೆ, ಮತ್ತೆ ದಾರಿ ಬಿಟ್ಟು ಪೊದೆಗಳ ನಡುವೆ ನುಗ್ಗುತ್ತಾರೆ. ಕಬಿನಿಯಲ್ಲಿ ದಾರಿ ಬಿಡುವಂತಿಲ್ಲ, ಕ್ರೂಗರ್‌ನಲ್ಲೂ ಪ್ರವಾಸಿಗರು ಬಿಡುವಂತಿಲ್ಲ. ನೀವು ಹೆಚ್ಚು ದುಡ್ಡು ಕೊಡುವುದು ಇದಕ್ಕೇ. ಜೀಪುಗಳ ನಡುವಿನ ರೇಡಿಯೋದಲ್ಲಿ 'ಇಂಗ್ವೆ' ಅಂದರೆ ಚಿರತೆ, 'ಎನ್‌ಗಾಲಾ' ಅಂದರೆ ಸಿಂಹ, ಕಿವಿಗೊಟ್ಟಿರಿ. ಪ್ರಾಣಿಯ ಹತ್ತಿರ ಎದ್ದು ನಿಲ್ಲಬೇಡಿ. ಕೂತಿರುವಷ್ಟು ಹೊತ್ತು ಸಿಂಹಕ್ಕೆ ಜೀಪೂ ಜನರೂ ಸೇರಿ ಒಂದೇ ಆಕಾರ. ನಿಂತರೆ ನೀವು ಬೇರೆಯಾಗಿ ಕಾಣುತ್ತೀರಿ.

ಕಾಲ: ಮೇಯಿಂದ ಸೆಪ್ಟೆಂಬರ್. ಹುಲ್ಲು ಒಣಗಿರುತ್ತದೆ, ಎಲೆ ಉದುರಿರುತ್ತದೆ, ಪ್ರಾಣಿಗಳು ನೀರಿಗೆ ಬಂದೇ ಬರುತ್ತವೆ. ಜೂನ್–ಜುಲೈ ನಸುಕಿನಲ್ಲಿ ಹತ್ತು ಡಿಗ್ರಿಗೂ ಕಡಿಮೆ. ತೆರೆದ ಜೀಪಿನ ಗಾಳಿಗೆ ಸ್ವೆಟರ್ ಒಂದೇ ಸಾಲದು. ಮಂಕಿಕ್ಯಾಪು, ಕೈಗವಸು ಒಯ್ಯಿರಿ. ಹಕ್ಕಿ ನೋಡುವವರಿಗೆ ಮಾತ್ರ ನವೆಂಬರ್ ನಂತರದ ಮಳೆಗಾಲವೇ ಚೆನ್ನ.

ಇದು ಮಲೇರಿಯಾ ಪ್ರದೇಶ, ಸೆಪ್ಟೆಂಬರ್‌ನಿಂದ ಮೇವರೆಗೆ ಅಪಾಯ ಜಾಸ್ತಿ. ಯಾವ ಮಾತ್ರೆ ಎಂದು ವೈದ್ಯರನ್ನೇ ಕೇಳಿ. ಊರಿಗೆ ಮರಳಿದ ಮೇಲೂ ಹೇಳಿದಷ್ಟು ದಿನ ನುಂಗುವುದನ್ನು ಮರೆಯಬೇಡಿ. ಚಿಕ್ಕ ಮಕ್ಕಳಿದ್ದರೆ ಮಲೇರಿಯಾ ಇಲ್ಲದ ಈಸ್ಟರ್ನ್ ಕೇಪ್ ಕಡೆಯ ರಿಸರ್ವ್ ಆರಿಸಿ. ಆರು ವರ್ಷದೊಳಗಿನವರನ್ನು ಬಹಳಷ್ಟು ಲಾಡ್ಜುಗಳು ಜೀಪಿಗೆ ಹತ್ತಿಸುವುದಿಲ್ಲ. ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಪ್ರಯಾಣವಿದ್ದರೆ ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿ ಕಾರ್ಡ್ ಇಟ್ಟುಕೊಳ್ಳಿ. ಆ ದೇಶಗಳಲ್ಲಿ ವಿಮಾನ ನಿಲ್ದಾಣದಿಂದ ಹೊರಗೆ ಹೋಗಿದ್ದು ಕಾರ್ಡ್ ಇಲ್ಲದಿದ್ದರೆ, ಭಾರತಕ್ಕೆ ಮರಳುವಾಗ ಕ್ವಾರಂಟೈನ್ ಆಗಬಹುದು.

ಊಟದ ವಿಷಯ ಬುಕಿಂಗ್ ದಿನವೇ ಬರೆದು ತಿಳಿಸಿ. 'ವೆಜ್' ಎಂದಷ್ಟೇ ಬರೆದರೆ ಮೊಟ್ಟೆ ಬರುತ್ತದೆ, ಸೂಪಿನಲ್ಲಿ ಕೋಳಿ ಸಾರು ಇರಬಹುದು. ಬೇಡವಾದ ಒಂದೊಂದನ್ನೂ ಹೆಸರಿಸಿ. ಲಾಡ್ಜಿಗೆ ದಿನಸಿ ದೂರದ ಪೇಟೆಯಿಂದ ಬರಬೇಕು, ಹೋದ ಮೇಲೆ ಹೇಳಿದರೆ ಅಡುಗೆಯವರ ಕೈಯಲ್ಲಿ ಏನೂ ಇರುವುದಿಲ್ಲ. 'ಪಾಪ್' ಕೇಳಿ ತಿನ್ನಿ. ಬಿಳಿ ಜೋಳದ ಹಿಟ್ಟಿನ ಮುದ್ದೆ ಎನ್ನಬಹುದು, ಇಲ್ಲಿ ಜೋಳವೆಂದರೆ ಮೆಕ್ಕೆಜೋಳ. ಅದರ ಜೊತೆಗೆ ಟೊಮೇಟೊ, ಕ್ಯಾರೆಟ್, ಬೀನ್ಸ್ ಹಾಕಿದ ಖಾರದ 'ಚಕಲಕ'.

ಇನ್ನೆರಡು ಮಾತು. ಅಲ್ಲಿನ ಪ್ಲಗ್ ನಮ್ಮ ಗೀಸರಿನ ದಪ್ಪ ಮೂರು ಪಿನ್ನಿನ ಥರದ್ದು, ಫೋನಿನ ಚಾರ್ಜರಿಗೆ ಅಡಾಪ್ಟರ್ ಬೇಕು. ಪುಟ್ಟ ವಿಮಾನಕ್ಕೆ ಸಾಮಾನ್ಯವಾಗಿ 20 ಕೆಜಿ, ಅದೂ ಬಟ್ಟೆಯ ಮೆತ್ತನೆ ಬ್ಯಾಗು.

ಹೊರಡುವ ದಿನದ ವಿಮಾನವನ್ನು ಮಧ್ಯಾಹ್ನ ಒಂದರ ನಂತರಕ್ಕೇ ಇಟ್ಟುಕೊಳ್ಳಿ. ಬೆಳಗಿನ ಜೀಪು ಒಂಬತ್ತರ ಹೊತ್ತಿಗೆ ಮರಳುತ್ತದೆ, ತಿಂಡಿ ಮುಗಿಸಿ ಹೊರಡಲು ಸಮಯ ಸಿಗುತ್ತದೆ, ಆರನೆಯ ಸಫಾರಿಯೂ ನಿಮಗೆ ದಕ್ಕುತ್ತದೆ.